ಭುವಿಗೆ ನಾನು ಮಾತು ಕಲಿಸಿದ್ದು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಕಡಿಮೆ. ಹತ್ತನೇ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟವಳು ನಾನು. ಹಾಳೆ ಹರಿದು ಹರಿದು ಮತ್ತೆ ಬರೆದಿದ್ದೇನೆ. ಆದರೂ ಸಾಲುಗಳು ಇಳಿಜಾರು ಹಿಡಿದಿವೆ. ಓದುವವರು ಕ್ಷಮಿಸಬೇಕು. ವಿಷಯ ಮಾತ್ರ ಸಣ್ಣದಲ್ಲ: ಒಂದು ಕೂಸಿಗೆ ಮಾತು ಕಲಿಸಲು ನಾನು ಹೊರಟ ಮಹಾಸಾಹಸ!

ಕೂಸು ಎಂದರೆ ನನ್ನ ಅಕ್ಕ ಸುಮಂಗಲಾಳ ಮಗಳು ಭುವನೇಶ್ವರಿ, ನಮ್ಮ ಭುವಿ. ಅಕ್ಕ, ಮಾಮ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗೆ ಹೋಗುತ್ತಾರೆ. ಚಂದಾಪುರದ ಬಾಡಿಗೆ ರೂಮಿನಲ್ಲಿ ಅವಳನ್ನು ನೋಡಿಕೊಳ್ಳಲೆಂದೇ ನಾನು ಊರಿಂದ ಬಂದದ್ದು. ಎರಡು ವರ್ಷ ತುಂಬಿದರೂ ಭುವಿ ಒಂದು ಮಾತೂ ಆಡಿರಲಿಲ್ಲ. ಅವಳ ಅಜ್ಜಿ, ಮಾಮನ ತಾಯಿ ಮಲಕವ್ವ ಊರಿಂದ ಫೋನಿನಲ್ಲಿ ಗುಡುಗಿದರು:

"ಆ ಶಾಂಭವಿ ಬಾಯಾಗ ಕಡುಬು ತುರುಕ್ಕೊಂಡಂಗ ಕುಂದರತಾಳ. ಅಕಿ ಕೈಯಾಗ ಬೆಳದ್ರ ನನ್ನ ಮೊಮ್ಮಗಳೂ ಮೂಕಿ ಆಗತಾಳ. ಅಮಾಸಿ ಮುಗೀಲಿ, ನಾನs ಬಂದು ಕೂಸಿನ್ನ ಕರಕೊಂಡು ಹೋಗತೀನಿ!"

ಶಾಂಭವಿ ಎಂದರೆ ನಾನೇ. ಭುವಿ ಹೋಗುವುದೇ? ನನ್ನ ಜಡೆ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಬರುವುದಿಲ್ಲ. ಅವಳು ಹಿಡಿದುಕೊಳ್ಳದಿದ್ದರೆ ನನಗೂ ಬರುವುದಿಲ್ಲ. ಆ ಕ್ಷಣವೇ ಭೀಷ್ಮಪ್ರತಿಜ್ಞೆ ಮಾಡಿದೆ: ಅಜ್ಜಿ ಬಂದು ಚಪ್ಪಲಿ ಬಿಡುವುದರೊಳಗೆ ಭುವಿಯ ಬಾಯಿ ಬಿಡಿಸಿಯೇ ಸಿದ್ಧ!

ಅಂಗನವಾಡಿ ಟೀಚರನ್ನು ಕೇಳಿದೆ. ಕೇಳಿದೆ ಎಂದರೆ, ಅಕ್ಕ ಕೇಳಿದಳು, ನಾನು ಹಿಂದೆ ನಿಂತಿದ್ದೆ.

"ಮಗು ಕೈ ತೋರ್ಸೋ ಮುಂಚೇನೇ ಎಲ್ಲಾ ತಂದ್ಕೊಟ್ರೆ ಅದ್ಯಾಕಮ್ಮ ಬಾಯ್ ಬಿಡತ್ತೆ? ಸ್ವಲ್ಪ ಕಾಯಿರಿ, ಅದೇ ಕೇಳ್ಲಿ. ಜೊತೇಲಿರೋರೂ ದಿನವಿಡೀ ಅದರ ಹತ್ರ ಮಾತಾಡ್ತಾ ಇರ್ಬೇಕು," ಎಂದರು ಟೀಚರ್.

ಎಂಥ ಸಲಹೆ! ಮೊದಲ ಅರ್ಧವನ್ನು ಅಕ್ಷರ ಬಿಡದೆ ಪಾಲಿಸಿದೆ. ಎರಡನೆಯ ಅರ್ಧ ನನಗೆ ಕಷ್ಟ. ಆಮೇಲೆ ನೋಡೋಣವೆಂದು ಬಿಟ್ಟೆ.

ಮರುದಿನದಿಂದ ನಮ್ಮ ರೂಮಿನಲ್ಲಿ ಬೆರಳಿಗೆ ಬೆಲೆ ಇಲ್ಲ! ಭುವಿ ಬಿಸ್ಕೆಟ್ ಡಬ್ಬಿ ತೋರಿಸಿದಳು, ನಾನು ಕಲ್ಲಾದೆ. ಚೆಂಡು ತೋರಿಸಿದಳು, ನಾನು ಗೋಡೆ ನೋಡಿದೆ. ಮಧ್ಯಾಹ್ನ ಬಾಗಿಲು ತೋರಿಸಿದಳು. ನನ್ನ ವೇಲ್ ಹಿಡಿದು ಎಳೆದಳು. ಎರಡೂ ಕೈ ಮೇಲೆತ್ತಿ ಏನೋ ಸುರಿಯುವ ಹಾಗೆ ಮಾಡಿ ಕುಣಿದಳು. ಆ ಅಭಿನಯಕ್ಕೆ ಪ್ರಶಸ್ತಿ ಕೊಡಬಹುದಿತ್ತು. ಆದರೆ ನಿಯಮ ನಿಯಮವೇ! "ಏನ ಬೇಕು, ಹೇಳು," ಎಂದು ಮೆಲ್ಲಗೆ ಕೇಳಿ, ಮನಸ್ಸು ಕರಗಬಾರದೆಂದು ಕಣ್ಣು ಮುಚ್ಚಿ ಕುಳಿತೆ.

ಕಾಲು ತಣ್ಣಗಾಯಿತು. ಕಣ್ಣು ಬಿಟ್ಟರೆ ಹೊರಗಿದ್ದ ನನ್ನ ಚಪ್ಪಲಿ ತೇಲಿಕೊಂಡು ಒಳಗೆ ಬರುತ್ತಿತ್ತು!

ನಮ್ಮ ರೂಮು ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಮೋಟರಿನ ಸ್ವಿಚ್ಚು ಕೆಳಗೆ ಓನರ್ ಕಮಲಮ್ಮನವರ ಮನೆಯಲ್ಲಿ. ಟ್ಯಾಂಕ್ ತುಂಬಿ ಟೆರೇಸ್ ಕೆರೆಯಾಗಿ, ಅವರು ಒಣಗಲು ಹಾಕಿದ್ದ ಸಂಡಿಗೆ ಮರಳಿ ಹಿಟ್ಟಾಗಿತ್ತು.

ಕಮಲಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲೆ ಬಂದರು. "ಏಯ್! 'ಮೋಟ್ರು ಆಫ್' ಅಂತ ಒಂದ್ ಕೂಗು ಹಾಕಕ್ಕೆ ನಿನ್ಗೇನ್ ಬಂದಿತ್ತು?"

ನಾನು ತಲೆ ಅಲ್ಲಾಡಿಸಿದೆ.

"ತಲೆ ಅಲ್ಲಾಡಿಸ್ಬೇಡ, ಬಾಯ್ ಬಿಡು! ಇನ್ಮೇಲೆ ಟ್ಯಾಂಕ್ ತುಂಬಿದ್ರೆ ನೀನೇ ಕೂಗ್ಬೇಕು. ಇಲ್ಲಾಂದ್ರೆ ರೂಮ್ ಖಾಲಿ ಮಾಡು!"

ಭುವಿ ಕಣ್ಣು ಮಿಟುಕಿಸದೆ ಕಮಲಮ್ಮನವರ ಬಾಯನ್ನೇ ನೋಡುತ್ತಿದ್ದಳು.

ಅಮಾವಾಸ್ಯೆ ಮುಗಿಯಿತು. ಅಜ್ಜಿಯನ್ನು ಕರೆತರಲು ಅಕ್ಕ ಬಸ್‌ಸ್ಟಾಪಿಗೆ ಹೋದ ಹೊತ್ತಿಗೇ ಟ್ಯಾಂಕ್ ತುಂಬಬೇಕೆ! ಭುವಿಯನ್ನು ಕಂಕುಳಿಗೆ ಏರಿಸಿಕೊಂಡು ಟೆರೇಸಿನ ಅಂಚಿನ ಗೋಡೆಯ ಬಳಿ ಓಡಿದೆ. ಬಾಯಿ ತೆರೆದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ತಟ್ಟನೆ ಒಂದು ದಿವ್ಯ ಉಪಾಯ ಹೊಳೆಯಿತು: ರೂಮಿನಿಂದ ಸ್ಟೀಲ್ ತಟ್ಟೆ ತಂದು ಸೌಟಿನಿಂದ ಬಾರಿಸತೊಡಗಿದೆ. ಕಸದ ಗಾಡಿ ಬಂತೆಂದು ಬೀದಿಯ ಹೆಂಗಸರೆಲ್ಲ ಬಕೆಟ್ ಹಿಡಿದು ಹೊರಗೆ ಬಂದರು! ಕಮಲಮ್ಮನೂ ಬಕೆಟ್ ಸಮೇತ ಬಂದರು!

"ಗಾಡಿ ಎಲ್ರೀ? ಯಾರ್ರೀ ಅದು ತಟ್ಟೆ ಬಡಿಯೋದು?"

ನಾನು ತಟ್ಟೆಯನ್ನು ಇನ್ನಷ್ಟು ಜೋರಾಗಿ ಬಡಿದೆ. ಮೆಟ್ಟಿಲ ಮೇಲೆ ಅಜ್ಜಿಯ ತಲೆ ಕಾಣಿಸಿತು. ನೀರು ಧೋ ಎಂದು ಸುರಿಯುತ್ತಿತ್ತು. ಆಗ ನನ್ನ ಕಂಕುಳಿಂದ, ಕಿವಿ ಗಡಚಿಕ್ಕುವಂತೆ:

"ಏಯ್! ಮೋತು ಆಪ್!"

ಕಮಲಮ್ಮ ಬಕೆಟ್ ಬಿಸಾಡಿ ಒಳಗೆ ಓಡಿದರು. ಮೋಟರ್ ನಿಂತಿತು. ಕೂಗಿದ್ದು ಯಾರೆಂದು ಎಲ್ಲರಿಗೂ ಹೊಳೆದದ್ದು ಆಮೇಲೆ.

"ಏ ಸುಮಂಗಲಾ, ಕೂಸು ಮಾತಾಡ್ತs!" ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತಾ ಕೈ ಚಾಚಿ ಹತ್ತಿರ ಬಂದರು. "ಬಾ ನನ್ನ ಬಂಗಾರ, ಊರಿಗೆ ಹೋಗೂನು."

ಭುವಿ ನನ್ನ ಜಡೆ ಹಿಡಿದು, ಇನ್ನೊಂದು ಕೈ ಸೊಂಟಕ್ಕಿಟ್ಟು, ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಲಿ ಮಾದು!"

ಅಕ್ಕ ನಗು ತಡೆಯಲಾರದೆ ಮೆಟ್ಟಿಲ ಮೇಲೇ ಕುಳಿತಳು. ನಾನು ಹೆಮ್ಮೆಯಿಂದ ಬೀಗಿ, ಹೊಗಳಿಕೆಗೆ ಕಾದು ನಿಂತೆ. ಅಜ್ಜಿ ನನ್ನ ಕೈಯ ಸೌಟು ನೋಡಿದರು, ತಟ್ಟೆ ನೋಡಿದರು, ಮುಖ ನೋಡಿದರು.

"ಕೂಸು ಇಲ್ಲೇ ಇರಲಿ ಬಿಡವಾ," ಎಂದರು ಅಕ್ಕನಿಗೆ. "ಈಕಿಗೆ ಮಾತು ಕಲಿಸಲಿಕ್ಕೆ ಯಾರರೆ ಬೇಕಲ್ಲ!"

ನಾಳೆ ಬೆಳಿಗ್ಗೆ ಕಮಲಮ್ಮ ಮತ್ತೆ ಮೋಟರ್ ಹಾಕುತ್ತಾರೆ. ಟ್ಯಾಂಕ್ ತುಂಬಿದಾಗ ಭುವಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನೂ ಕೂಗುತ್ತೇನೆ.