ಹಂಸನಿಗೂ ಗಾನಲತೆಗೂ ಮೂವತ್ತೊಂದು ಗುಣ

"ರಾಯರ, ಇನ್ನ ನೀವು ಚಿಂತಿ ಬಿಡ್ರಿ! ಜಗತ್ತಿನಾಗ ಇಂಥಾ ಯಂತ್ರ ಇದೊಂದ!"

ಹೀಗೆಂದು ನೆರೆಮನೆಯ ಬಿಂದುಮಾಧವ ನಮ್ಮ ಪಡಸಾಲೆಯ ನಡುವೆ ಒಂದು ತಾಮ್ರದ ಹಂಡೆಯನ್ನು ಇಳಿಸಿದ. ಹಂಡೆಯ ಬಾಯಿಗೆ ಗಾಜಿನ ಪರದೆ, ಹೊಟ್ಟೆಯ ಮೇಲೆ ಗುಂಡಿಗಳು, ಪಕ್ಕಕ್ಕೊಂದು ಧ್ವನಿವರ್ಧಕ, ನೆತ್ತಿಯ ಮೇಲೆ ಪೂಜೆಯ ಗಂಟೆ. ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಲೆ ಅವನು ಕಟ್ಟಿದ ಹದಿನಾಲ್ಕನೆಯ ಯಂತ್ರವಿದು. ಹದಿಮೂರನೆಯದು ರೊಟ್ಟಿ ಬಡಿಯುವ ಯಂತ್ರ. ಅದು ಬಡಿದ ಮೊದಲ ರೊಟ್ಟಿ ಇಂದಿಗೂ ಅವರ ಅಡಿಗೆಮನೆಯ ಜಂತಿಗೆ ಅಂಟಿಕೊಂಡಿದೆ.

ನನ್ನ ಚಿಂತೆ ಇಷ್ಟೇ. ನನ್ನ ಹೆಂಡತಿ ತುಂಗಾ ಹರಿಪಾದ ಸೇರಿ ಹತ್ತು ತಿಂಗಳಾಗಿತ್ತು. ಅವಳು ಬೆಳಗಿನ ಪೂಜೆಗೆ ಹಾಡುತ್ತಿದ್ದ ನಲವತ್ತಮೂರು ಹಾಡುಗಳು ಅವಳ ಅಜ್ಜಿಯ ಬಾಯಿಂದ ಬಂದವು, ಎಲ್ಲಿಯೂ ಬರೆದಿಟ್ಟಿಲ್ಲ. ನನ್ನ ಮೊಬೈಲಿನಲ್ಲಿ ಮಾತ್ರ ಉಳಿದಿದ್ದವು. ಆ ಮೊಬೈಲಿನ ಬ್ಯಾಟರಿಯೂ ಉಬ್ಬತೊಡಗಿತ್ತು. ಅವಳ ವರ್ಷಾಂತಿಕದೊಳಗೆ ಹಾಡುಗಳನ್ನು ಒಂದು ವೆಬ್‌ಸೈಟಿನಲ್ಲಿ ಇಡಬೇಕು, ಬಂಧುಗಳು ಎಲ್ಲಿದ್ದರೂ ಕೇಳಬೇಕು ಎಂಬುದು ನನ್ನ ಸಂಕಲ್ಪ.

ವೆಬ್‌ಸೈಟಿಗೆ ಉಡಿಸುವ ಉಡುಪಿಗೆ ಥೀಮ್ ಎನ್ನುತ್ತಾರೆ. ಹಾಡು ಕೇಳಿಸಲು, ಚಿತ್ರ ತೋರಿಸಲು ಅದಕ್ಕೆ ಜೋಡಿಸುವ ಸಾಮಾನಿಗೆ ಪ್ಲಗಿನ್ ಎನ್ನುತ್ತಾರೆ. ಎರಡೂ ಸಾವಿರಗಟ್ಟಲೆ ಇವೆ, ಆದರೆ ಎಲ್ಲಕ್ಕೆ ಎಲ್ಲವೂ ಹೊಂದುವುದಿಲ್ಲ. ಎರಡು ತಿಂಗಳು ನಾವಿಬ್ಬರೂ ಹೋಲಿಸಿ ಹೋಲಿಸಿ ನೋಡಿದೆವು. ಒಂದನ್ನು ಹಾಕಿದರೆ ಹಾಡು ನಿಲ್ಲುತ್ತಿತ್ತು. ಇನ್ನೊಂದನ್ನು ಹಾಕಿದರೆ ತುಂಗೆಯ ಭಾವಚಿತ್ರ ತಲೆಕೆಳಗಾಗುತ್ತಿತ್ತು!

"ಈ ಹಂಡೆ ಹ್ಯಾಂಗ ಹುಡುಕತದೋ?" ಎಂದು ಕೇಳಿದೆ.

"ಹೊಸಾ ಬುದ್ಧಿ ಕಲಿಸೋ ಗರಜೇ ಬೀಳಲಿಲ್ಲ! ನನ್ನ ಹಳೇ ಜಾತಕ ಕೂಡಿಸೋ ಯಂತ್ರದ ಬುದ್ಧಿನ ಕಿತ್ತು ಇದಕ್ಕ ಹಾಕೇನಿ. ಹುಡುಗಗ ಹುಡುಗಿ, ಥೀಮಿಗೆ ಪ್ಲಗಿನ್ನು. ಏನ್ ಫರಕ್ ಅದ ಹೇಳ್ರಿ?"

ಅವನು ಗುಂಡಿ ಒತ್ತಿದ. ಗಂಟೆ ಹೊಡೆಯಿತು. ಹಂಡೆಯೊಳಗಿಂದ ಮುದಿ ದನಿಯೊಂದು ಹೊರಟಿತು:

"ಮೊದಲನೇ ವರ. ಬಣ್ಣ ಛಂದ ಅದ. ಬಾಗಲಾ ತಗೀಲಿಕ್ಕೆ ಹನ್ನೊಂದು ಸೆಕೆಂಡು. ಸೋಮಾರಿ! ಬ್ಯಾಡ! ಎರಡನೇ ವರ. ಮೂರು ವರ್ಷಾತು ಅಪ್‌ಡೇಟ್ ಇಲ್ಲ, ಮನಿಯವರು ಹಣಿಕಿ ಸುದ್ದಾ ಹಾಕಿಲ್ಲ. ಬ್ಯಾಡ!"

ನನಗೆ ಬಹಳ ಸಮಾಧಾನವಾಯಿತು. ನಾವು ಎರಡು ತಿಂಗಳಲ್ಲಿ ತಿಳಿಯದ್ದನ್ನು ಹಂಡೆ ಎರಡು ನಿಮಿಷದಲ್ಲಿ ತಿಳಿದಿತ್ತು.

ಮರುದಿನ ಒಳ್ಳೆಯದೊಂದು ಥೀಮ್ ಸಿಕ್ಕಿತು. ಅದನ್ನು ಮಾಡಿದ ಕಂಪನಿಯದೇ ಹಾಡಿನ ಪ್ಲಗಿನ್ ಕೂಡ ಇತ್ತು. ಬಿಂದುಮಾಧವ ಕುಣಿದಾಡಿದ. ಅಷ್ಟರಲ್ಲಿ ಗಂಟೆ ಗಣಗಣ ಹೊಡೆದುಕೊಂಡಿತು.

"ಇಬ್ಬರೂ ಒಂದ ಮನಿಯವರು! ಸಗೋತ್ರ! ಅಣ್ಣ ತಂಗಿ ಆಗ್ತಾರ! ಹರಿ ಹರಿ!"

"ಒಂದ ಕಂಪನೀವು ಇದ್ರನ ಹೊಂದತಾವೋ ಮಾರಾಯಾ!" ಎಂದ ಬಿಂದುಮಾಧವ.

"ಕಲಿಗಾಲ!" ಎಂದು ಹಂಡೆ ಪರದೆಯನ್ನು ಕಪ್ಪಗೆ ಮಾಡಿಕೊಂಡು ಸಂಜೆಯವರೆಗೆ ಮಾತೇ ಆಡಲಿಲ್ಲ.

ಒಂಬತ್ತನೆಯ ದಿನಕ್ಕೆ 'ಹಂಸ' ಎಂಬ ಥೀಮಿಗೂ 'ಗಾನಲತಾ' ಎಂಬ ಹಾಡಿನ ಪ್ಲಗಿನ್ನಿಗೂ ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡಿಬಂದವು! ಇನ್ನು ತುಂಗೆಯ ಭಾವಚಿತ್ರಕ್ಕೊಂದು ಪ್ಲಗಿನ್ ಬೇಕೆಂದೆವು.

"ಹಂಸಗ ಎರಡನೇ ಹೆಂಡತಿ? ನನ್ನ ಕೈಯಾಗ ಆಗೂದಿಲ್ಲ!"

ಬಿಂದುಮಾಧವ ತಲೆ ಕೆರೆದುಕೊಂಡು, ಚಿತ್ರದ ಪ್ಲಗಿನ್ನನ್ನು ಹಂಸನ ತಂಗಿಯೆಂದು ಬರೆಸಿದ. ಹಂಡೆ ಒಪ್ಪಿತು. ಮೊಬೈಲಿಗೆ ತಂತಿ ಜೋಡಿಸಿದೆವು. ಹಾಡುಗಳು ಒಂದೊಂದಾಗಿ ವೆಬ್‌ಸೈಟಿಗೆ ಏರಿದವು. ನಾನು ಕೈಮುಗಿದೆ.

ಆದರೆ ಹಳೆಯ ಬುದ್ಧಿಗೆ ಇನ್ನೊಂದು ಅಭ್ಯಾಸವಿತ್ತು. ಜಾತಕ ಕೂಡಿದ ಮೇಲೆ ಅದು ಲಗ್ನಪತ್ರಿಕೆ ಹಂಚುತ್ತಿತ್ತು! ನನ್ನ ಮೊಬೈಲಿನಲ್ಲಿದ್ದ ಆರುನೂರು ಜನರಿಗೂ ಅಂದೇ ಪತ್ರಿಕೆ ಹೋಯಿತು: ವರ ಹಂಸ, ವಧು ಗಾನಲತಾ, ವರನ ಮನೆ ಧೀರೇಂದ್ರರಾಯರ ನಿವಾಸ, ಅಂದರೆ ನಮ್ಮ ಮನೆ, ವಿವಾಹದ ಸ್ಥಳ ನಮ್ಮ ವೆಬ್‌ಸೈಟಿನ ವಿಳಾಸ. ನನ್ನ ಮನೆಯಲ್ಲಿರುವ ಗಂಡಸು ನಾನೊಬ್ಬನೇ. ಹಂಸ ಯಾರೆಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೊಪ್ಪಳದಿಂದ ತುಂಗೆಯ ಅಕ್ಕ ಭೀಮಕ್ಕ ಜೀಪಿನಲ್ಲಿ ಬಂದಿಳಿದಳು.

"ಎಲ್ಲಿದ್ದಾಳಕಿ?" ಎಂದಳು, ಚಪ್ಪಲಿ ಬಿಡುವ ಮೊದಲೇ.

"ಯಾರು, ಭೀಮಕ್ಕ?"

"ಗಾನಲತಾ! ನನ್ನ ತಂಗಿ ವರ್ಷಾಂತಿಕ ಇನ್ನೂ ಆಗಿಲ್ಲ. ಎಪ್ಪತ್ತಾರನೇ ವಯಸ್ಸಿಗೆ ಬಾಸಿಂಗ ಕಟಗೋತೀರೇನು ರಾಯರ?"

"ಅಯ್ಯೋ, ಅದು ಪ್ಲಗಿನ್ನು!"

"ಯಾವ ಊರಿನ ಮನೆತನ ಅದು?"

"ಮನೆತನ ಅಲ್ಲ್ರಿ, ಅದೊಂದು..." ಎಂದು ಬಿಂದುಮಾಧವ ಬಾಯಿ ಹಾಕಿದ.

"ನೀ ಸುಮ್ಮನಿರು! ಇದನ್ನೆಲ್ಲಾ ಕುದುರಿಸಿದಾಂವ ನೀನ ಇರಬೇಕು! ಕರೀರಿ ಆಕಿನ್ನ ಹೊರಗ. ದನಿಯರ ಕೇಳೂಣು!"

ನಾನು ವೆಬ್‌ಸೈಟು ತೆರೆದು ಮೊದಲನೆಯ ಹಾಡನ್ನು ಒತ್ತಿದೆ.

ತುಂಗಾ ಹಾಡತೊಡಗಿದಳು. ಸ್ವಾಮಿಯನ್ನು ಎಬ್ಬಿಸುವ ಹಾಡು. ಎರಡನೆಯ ನುಡಿಯ ನಡುವೆ ನಿಲ್ಲಿಸಿ, "ಏನ್ರೀ, ಹಾಲು ಉಕ್ಕತದ ನೋಡ್ರಿ," ಎಂದು ಕೂಗಿ ಮತ್ತೆ ಅದೇ ಶ್ರುತಿಗೆ ಹಿಡಿದಳು.

ಭೀಮಕ್ಕ ಮೆಲ್ಲನೆ ನೆಲಕ್ಕೆ ಕುಳಿತಳು. ಹಾಡು ಮುಗಿಯುವವರೆಗೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಉಕ್ಕಿತ್ತೇನು?" ಎಂದು ಕೇಳಿದಳು.

"ಉಕ್ಕಿತ್ತು," ಎಂದೆ.

"ಮೂರನೇ ನುಡಿ ಬಿಟ್ಟಾಳ. ಅಜ್ಜಿ ಮುಂದನೂ ಹಿಂಗ ಬಿಡತಿದ್ಲು," ಎಂದು ಆ ನುಡಿಯನ್ನು ತಾನೇ ಹಾಡಿದಳು. ಹಂಡೆ ಗಂಟೆ ಬಾರಿಸಿ, "ಹೆಣ್ಣಿನ ಕಡೆ ಹಿರೇರು ಬಂದ್ರು!" ಎಂದು ಘೋಷಿಸಿ, ಆ ನುಡಿಯನ್ನೂ ವೆಬ್‌ಸೈಟಿಗೆ ಸೇರಿಸಿಬಿಟ್ಟಿತು.

ಮಧ್ಯಾಹ್ನದ ಹೊತ್ತಿಗೆ ನಾನೂರು ಜನ ವೆಬ್‌ಸೈಟನ್ನು ತೆರೆದಿದ್ದರು. ಮೊದಲು ಬಂದವರೆಲ್ಲ ನನ್ನನ್ನು ಬೈದು ಬರೆದಿದ್ದರು. ಆಮೇಲೆ ಬಂದವರು ಬೈಯುವುದನ್ನು ಮರೆತು, ತಮ್ಮ ಮದುವೆಗೆ ತುಂಗಕ್ಕ ಆರತಿ ಹಾಡಿದ್ದನ್ನು ಬರೆದಿದ್ದರು.

"ಎಲ್ಲಾರಿಗೂ ಕ್ಷಮಾ ಕೇಳಿ ಒಂದು ಪತ್ರ ಕಳಸಲೇನ್ರೀ?" ಎಂದ ಬಿಂದುಮಾಧವ.

"ಸಂಜೀತನಕ ತಡಿ," ಎಂದಳು ಭೀಮಕ್ಕ. "ಬರೇ ಹಾಡು ಅಂದಿದ್ರ ಹತ್ತು ಮಂದಿನೂ ಬರತಿದ್ದಿಲ್ಲ. ಬೈಲಿಕ್ಕೆ ಬಂದು ಇನ್ನಷ್ಟು ಮಂದಿ ಕೇಳಿ ಹೋಗಲಿ."

ವರ್ಷಾಂತಿಕ ಸಾಂಗವಾಗಿ ನಡೆಯಿತು. ಅಂದು ದೇವರ ಮುಂದೆ ನಲವತ್ತಮೂರೂ ಹಾಡುಗಳನ್ನು ಕೇಳಿದೆವು.

ಅದಾದ ನಾಲ್ಕು ದಿನಕ್ಕೆ ವೆಬ್‌ಸೈಟು ಮೂಕವಾಯಿತು. ಒತ್ತಿದರೂ ಹಾಡಿಲ್ಲ! ಬಿಂದುಮಾಧವ ಓಡಿಬಂದು ಹಂಡೆಯನ್ನು ತಟ್ಟಿದ. ಅದು ಶಾಂತವಾಗಿ ಹೇಳಿತು:

"ಆಷಾಢ ಹತ್ತೇದ. ಹೊಸಾ ಜೋಡಿ ಕೂಡಿ ಇರಬಾರದು. ಗಾನಲತಾನ್ನ ತವರಿಗೆ ಕಳಿಸೇನಿ."

ಅವನು ಬೇಡಿಕೊಂಡ, ಬೈದ, ಹಂಡೆಯನ್ನು ಬೋರಲು ಹಾಕುತ್ತೇನೆಂದು ಹೆದರಿಸಿದ. ಅದು ಪಂಚಾಂಗ ಬಿಟ್ಟು ಕದಲಲಿಲ್ಲ. ಈಗ ದಿನವೂ ಹತ್ತಾರು ಜನ ಹಾಡು ಎಲ್ಲಿ ಹೋಯಿತೆಂದು ಬರೆದು ಕೇಳುತ್ತಾರೆ. ಶ್ರಾವಣದ ಪಾಡ್ಯಕ್ಕೆ ಬರುತ್ತಾಳೆ ಎಂದು ಎಲ್ಲರಿಗೂ ಉತ್ತರ ಬರೆಯುತ್ತಿದ್ದೇನೆ. ಕಾಯುವುದಕ್ಕೆ ನನಗೇನೂ ಬೇಸರವಿಲ್ಲ. ತವರಿಗೆ ಹೋದ ಇವಳು ತಿರುಗಿ ಬರುವುದಾದರೂ ಖಂಡಿತ.