ಕೆಲಸದಿಂದ ತೆಗೆದ ಅನುಭವ

ಎಬೋನ ಬಯೋಡೇಟಾದಲ್ಲಿದ್ದ ಒಂದು ಸಾಲು ಬೆಳಬೆಳಗ್ಗೆಯೇ ವಠಾರಕ್ಕೆಲ್ಲ ತಲೆಬಿಸಿ ತಂದಿತು. 'ಎಂಬತ್ತು ಜನರನ್ನು ಮೊದಲು ಸಂಬಳವಿಲ್ಲದ ರಜೆಗೆ ಕಳಿಸಿ, ಆಮೇಲೆ ಕೆಲಸದಿಂದ ತೆಗೆದ ಅನುಭವ.' ತಕೊರಾಡಿ ಪಟ್ಟಣದ ಹೋಟೆಲೊಂದರಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದ ಅವನು, ಅಷ್ಟೂ ಜನರನ್ನು ಕಳಿಸಿ ಮುಗಿದ ಮೇಲೆ ತಾನೂ ಹೊರಬಿದ್ದಿದ್ದ.

"ಇದನ್ನ ಓದಿದೋರು ನಿನ್ನ ಒಳಗೆ ಬಿಟ್ಕೋತಾರಾ?" ಎಂದಳು ಮನೆಯೊಡತಿ ಅರಬಾ. ಎಬೋ ಮದುವೆಯಾಗಬೇಕೆಂದಿದ್ದ ಎಕುವಾಳಿಗೆ ಅವಳು ಚಿಕ್ಕಮ್ಮ. "ಕೆಲಸ ಇಲ್ಲದೋನಿಗೆ ನಮ್ಮ ಹುಡುಗಿ ಇಲ್ಲ. ಮೊದಲು ಅದನ್ನ ಅಳಿಸು."

"ಅಳಿಸಿದ್ರೆ ಎರಡು ವರ್ಷ ಏನ್ ಮಾಡ್ತಿದ್ದೆ ಅಂತ ಕೇಳ್ತಾರೆ ಆಂಟಿ. ಮಾಡಿದ್ದು ಅದೊಂದೇ."

ಪಕ್ಕದ ಮನೆಯ ದರ್ಜಿ ಫಿಫಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "'ಜನರನ್ನ ಹೊಸ ದಾರಿಗೆ ಹಚ್ಚಿದೆ' ಅಂತ ಬರಿ" ಎಂದ.

"ಅದು ಪಾದ್ರಿ ಮಾಡೋ ಕೆಲಸ, ಕೊಡಿಲ್ಲಿ" ಎಂದು ಅರಬಾ ಹಾಳೆಯನ್ನು ಎಳೆದಳು. ಫಿಫಿಯೂ ಎಳೆದ. ಎಬೋ ತಿನ್ನುತ್ತಿದ್ದ ಜೋಳದ ಹಿಟ್ಟಿನ ಕೆಂಕಿ ಉಂಡೆಯ ಪಕ್ಕದ ಖಾರದ ಗೊಜ್ಜು ಹಾಳೆಯ ಮೇಲೆ ಮಗುಚಿತು. ಓದು, ಬಹುಮಾನ, ಒಳ್ಳೆಯ ನಡತೆ ಎಲ್ಲವೂ ಗೊಜ್ಜಿನಲ್ಲಿ ಮುಳುಗಿ, ಆ ಒಂದು ಸಾಲು ಮಾತ್ರ ಹುಣ್ಣಿಮೆ ಚಂದ್ರನಂತೆ ಉಳಿಯಿತು. ಬೇರೆ ಪ್ರತಿ ಇರಲಿಲ್ಲ. ಹೊರಗೆ ಸಂದರ್ಶನಕ್ಕೆ ಹೋಗಬೇಕಿದ್ದ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಎಬೋ ಆ ಹಾಳೆಯನ್ನೇ ಹಿಡಿದು ಓಡಿದ.

ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರಮ್ಮ ಆ ಹಾಳೆಯನ್ನು ಸತ್ತ ಇಲಿಯ ಬಾಲದಂತೆ ಎರಡೇ ಬೆರಳಲ್ಲಿ ಹಿಡಿದು ಓದಿದಳು.

"ಎಂಬತ್ತು ಜನಾನಾ? ಯಾರೂ ಕಲ್ಲು ಹೊಡೀಲಿಲ್ವಾ?"

"ಇಲ್ಲ ಮೇಡಂ. ಒಬ್ಬೊಬ್ಬರ ಹತ್ರಾನೂ ಕೂತು ಮಾತಾಡಿದ್ದೆ. ಕೆಲವರ ಜೊತೆ ನಾನೂ ಅತ್ತುಬಿಟ್ಟೆ."

"ಇವತ್ತೇ ಸೇರ್ಕೊಳ್ಳಿ."

ಎಬೋನಿಗೆ ಬೆನ್ನಿನಿಂದ ಮೂಟೆ ಇಳಿಸಿದಂತಾಯಿತು. ಅವಳು ಮಾತು ಹಿಂತೆಗೆಯುವ ಮೊದಲೇ ಸಹಿ ಹಾಕಿದ.

"ವ್ಯಾಪಾರ ಬಿದ್ದುಹೋಗಿದೆ. ಆಫೀಸಿನೋರಿಗೆಲ್ಲ ಮೂರು ತಿಂಗಳು ಸಂಬಳ ಇಲ್ಲದ ರಜೆ. ಸಂಜೆಯೊಳಗೆ ಹೇಳಿ ಮುಗಿಸಿ. ಯಾರ ಮನಸ್ಸೂ ನೋಯಬಾರದು."

ಎಬೋ ಪ್ರತಿ ಮೇಜಿನ ಬಳಿಯೂ ಕೂತ, ಕೈಹಿಡಿದ, ಕಣ್ಣೊರೆಸಿದ. ಕೊನೆಯಲ್ಲಿದ್ದ ಕ್ಯಾಷಿಯರ್ ಮುದುಕ ಅವನನ್ನು ಹರಸಿಯೇ ಹೋದ. ಎಬೋ ಬಂದು, "ಎಲ್ಲರಿಗೂ ಹೇಳಿದೆ ಮೇಡಂ" ಎಂದ.

"ಎಲ್ಲರಿಗೂ ಎಲ್ಲಿ?" ಅವಳು ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. "ನೀವೂ ಆಫೀಸಿನೋರೇ ಅಲ್ವಾ?"

ವಠಾರದ ಬಾಗಿಲಲ್ಲೇ ಅರಬಾ ಕಾದಿದ್ದಳು. "ಏನಾಯ್ತೋ?"

"ಕೆಲಸ ಸಿಕ್ತು ಆಂಟಿ." ಸುಳ್ಳು ಹೇಳಬೇಕಾಗಲಿಲ್ಲವಲ್ಲ ಎಂದು ಅವನ ಜೀವ ಹಗುರಾಯಿತು.

"ನಾಳೆ ಎಷ್ಟೊತ್ತಿಗೆ ಹೋಗ್ಬೇಕು?"

"ನಾಳೆ ರಜೆ. ಇನ್ನು ಮೂರು ತಿಂಗಳು ರಜೆ."

"ಸೇರಿದ ದಿನಾನೇ ರಜೆ ಕೊಟ್ರಾ? ಫಿಫಿ, ಕೇಳಿದ್ಯಾ, ನಮ್ಮಳಿಯ ಎಂಥಾ ಕಂಪನಿ ಹಿಡಿದಿದಾನೆ." ಅರಬಾ ಅವನನ್ನು ತಬ್ಬಿಕೊಂಡಳು. "ಹಂಗಾದ್ರೆ ಮದುವೆ ಇದೇ ತಿಂಗಳು ಮುಗಿಸಿಬಿಡೋಣ. ಖರ್ಚೆಲ್ಲ ನಿಂದೇ ಕಣೋ, ಹೇಗೂ ಸಂಬಳದೋನಾದೆಯಲ್ಲ."