ಏನೂ ಆಗದ ನಿಕ್ಕಲ್ ತುಂಡು

ಉಪ್ಪುನೀರಿನ ಪಕ್ಕ ಕೂತು ಸಂಬಳ ತಿನ್ನುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ತುಡಿಯಲೂರಿನ ನಮ್ಮ ಪಂಪ್ ಕಾರ್ಖಾನೆಯಲ್ಲಿ ನನ್ನದು ಪರೀಕ್ಷೆಯ ಕೋಣೆ. ಲೋಹದ ತುಂಡುಗಳನ್ನು ಉಪ್ಪುನೀರಿನ ಜಾಡಿಗಳಲ್ಲಿ ಮುಳುಗಿಸಿಟ್ಟು, ತುಕ್ಕು ಎಷ್ಟು ತಿಂದಿತೆಂದು ತೂಗಿ ನೋಡುವ ಕೆಲಸ.

ತಿರುಪ್ಪೂರಿನ ಸಾಯಪಟ್ಟರೆಯೊಂದು, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಹೊಸ ಪಂಪುಗಳನ್ನು ಕೇಳಿತ್ತು. ಅಲ್ಲಿನ ಉಪ್ಪುನೀರು ಹಳೆಯವನ್ನೆಲ್ಲ ತಿಂದು ತೇಗಿತ್ತು. ದುಬಾರಿಯಾದರೂ ನಿಕ್ಕಲ್ ಮಿಶ್ರಲೋಹವೇ ಆಗಬೇಕೆಂದು ಹಟ ಹಿಡಿದವನು ನಾನು.

"ಈ ಆರ್ಡರ್ ಕೈತಪ್ಪಿದ್ರೆ ನಿನ್ನ ಕೋಣೆ ಪ್ಯಾಕಿಂಗಿಗೆ ಹೋಯ್ತು, ನೋಡ್ಕೋ" ಎಂದರು ಮೊದಲಾಳಿ, ಅಂದರೆ ನಮ್ಮ ಮಾಲೀಕರು. ಕಾರ್ಖಾನೆಯಲ್ಲೆಲ್ಲ ತಮಿಳು. ನಮ್ಮಿಬ್ಬರ ಮನೆಮಾತು ಕನ್ನಡವಾದ್ದರಿಂದ ನನಗೆ ಬೈಗುಳ ಮಾತ್ರ ಕನ್ನಡದಲ್ಲಿ.

ಹುಣಸೆಹಣ್ಣು

ಒಂದು ಬೆಳಿಗ್ಗೆ ಬಂದು ನೋಡಿದರೆ ತುಂಡುಗಳೆಲ್ಲ ಮೇಜಿನ ಮೇಲೆ ಫಳಫಳ! ಕಸ ಗುಡಿಸುವ ಅಕ್ಕ, ಯಾರೋ ನೋಡಲು ಬರುತ್ತಾರೆಂದು ಕೇಳಿ, ಹುಣಸೆಹಣ್ಣು ಹಾಕಿ ದೀಪ ಬೆಳಗಿದ ಹಾಗೆ ಬೆಳಗಿಟ್ಟಿದ್ದರು. ಎರಡು ವಾರದ ತುಕ್ಕು ಚರಂಡಿ ಸೇರಿತ್ತು. ನನಗೆ ಅಳುವೇ ಬಂತು.

ಅಕ್ಕ ಸಮಾಧಾನ ಹೇಳಿದರು: "ಬೇಜಾರಾಗಬೇಡ ತಂಬಿ. ಇದೊಂದನ್ನ ಉಜ್ಜೇ ಇಲ್ಲ. ಇದು ಕೊಳೆಯಾಗಿದ್ರೆ ತಾನೇ!"

ಅದು ನಿಕ್ಕಲ್ ತುಂಡು.

ಪುಕ್ಕಟೆ ಸಂಬಳ

ಮತ್ತೆ ಮೊದಲಿನಿಂದ ಶುರು. ಮೊದಲಾಳಿ ದಿನಾ ಬಂದು ಜಾಡಿ ಇಣುಕುತ್ತಿದ್ದರು. ಇಪ್ಪತ್ತನೆಯ ದಿನ ತಾಳ್ಮೆ ಕೆಟ್ಟಿತು.

"ಏನೂ ಆಗಿಲ್ವಲ್ಲೋ?"

"ಏನೂ ಆಗಬಾರದು ಅಣ್ಣಾ. ಅದೇ ಗೆಲುವು."

"ಏನೂ ಆಗದೆ ಇರೋದಕ್ಕೆ ನಿನಗೆ ಯಾಕೆ ಸಂಬಳ? ಅದನ್ನ ಸುಮ್ಮನೆ ಕೂತು ನಾನೇ ಮಾಡ್ತೀನಿ!"

ಉಪ್ಪಿನಕಾಯಿ

ಎಲ್ಲರೂ ದೊಡ್ಡಮ್ಮ ಎನ್ನುವ ಸಾಯಪಟ್ಟರೆಯ ಒಡತಿ ನಮ್ಮ ವರದಿಯನ್ನು ತೆರೆದೂ ನೋಡಲಿಲ್ಲ.

"ನಿಮ್ಮ ಉಪ್ಪುನೀರು ನನಗೆ ತೆರಿಯಾದಪ್ಪಾ. ನನ್ನ ಹೇರಳೆಕಾಯಿ ಉಪ್ಪಿನಕಾಯಿ ಗೊತ್ತು. ಎಷ್ಟು ಎವರ್‌ಸಿಲ್ವರ್ ಸ್ಟೀಲ್ ಡಬ್ಬ ತಿಂದೈತೆ ಅದು!" ಎಂದು, ನಮ್ಮ ನಿಕ್ಕಲ್ ತುಂಡನ್ನೂ ಪೈಪೋಟಿಗೆ ಬಂದಿದ್ದ ಇನ್ನೊಂದು ಕಂಪನಿಯ ಸ್ಟೀಲ್ ತುಂಡನ್ನೂ ಒಯ್ದು, ಎಸೆಯಲು ಇಟ್ಟಿದ್ದ ಹಳೆಯ ಉಪ್ಪಿನಕಾಯಿಯಲ್ಲಿ ಹೂತಿಟ್ಟರು.

ಉಪ್ಪು, ಹುಳಿ ಎರಡೂ ಸೇರಿದರೆ ಯಾವ ಲೋಹಕ್ಕಾದರೂ ಕಷ್ಟ. ಒಂದು ತಿಂಗಳು ನನಗೆ ಮೊಸರನ್ನದ ಜೊತೆಗೂ ಉಪ್ಪಿನಕಾಯಿ ಸೇರಲಿಲ್ಲ.

ಕೊನೆಗೆ ಮೊದಲಾಳಿಗೆ ಫೋನ್ ಬಂತು. ಸ್ಟೀಲ್ ತುಂಡಿನ ಮೈತುಂಬ ಗುಳಿ. ನಮ್ಮದು ಒಳಗೆ ಹೋದ ಹಾಗೇ ಹೊರಬಂದಿದೆ. ಪಂಪುಗಳ ಆರ್ಡರ್ ಪೂರ್ತಿ ನಮಗೇ!

ನಾನು ಕುಣಿದೇಬಿಟ್ಟೆ. ಮೊದಲಾಳಿ ಚಪ್ಪಲಿಯನ್ನೂ ಮರೆತು ಅಂಗಳಕ್ಕೆ ಓಡಿ, ಎರಡೂ ಕೈ ಎತ್ತಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲಿ ಕಿರುಚಿದರು: "ಒಣ್ಣುಂ ಆಗಲೆ! ಒಣ್ಣುಂ ಆಗಲೆ!" ಏನೂ ಆಗಿಲ್ಲ, ಏನೂ ಆಗಿಲ್ಲ!

ಕ್ಷಣದಲ್ಲಿ ಯಂತ್ರಗಳೆಲ್ಲ ನಿಂತವು. ನಾಲ್ಕು ಮಂದಿ ಸ್ಟ್ರೆಚರ್ ಹಿಡಿದು ಓಡಿಬಂದರು.